ಘಟ್ಟದ ಮೇಲಿನ ರಾತ್ರಿಗಳು

ನಮ್ಮ ಕಡೆಯವರು ಮಳೆಯ ಲೆಕ್ಕ ಇಡುವವರು. ಸಿದ್ದಾಪುರ, ಶಿರಸಿ, ಯಲ್ಲಾಪುರದ ಅಡಿಕೆ ಬೆಳೆಗಾರರ ಮನೆಗಳಲ್ಲಿ ಜೂನ್, ಜುಲೈ ತಿಂಗಳ ತಾರೀಖುಗಳ ಪಕ್ಕ ಪೆನ್ನಿನಲ್ಲಿ ಬರೆದ ಮಿಲಿಮೀಟರುಗಳು ಕಾಣಸಿಗುತ್ತವೆ. ಆರಿದ್ರಾ ಎಷ್ಟು ಹೊಯ್ದಿತು, ಪುನರ್ವಸು ಎಷ್ಟು ದಿನ ಹೊಳವಾಯಿತು, ಆಶ್ಲೇಷದಲ್ಲಿ ಹೊಳೆ ಎಲ್ಲಿಯವರೆಗೆ ಏರಿತು ಎಂಬುದನ್ನು ವರ್ಷ ಸಮೇತ ಹೇಳುವ ಹಿರಿಯರು ಇನ್ನೂ ಇದ್ದಾರೆ. ಆದರೆ ಚಳಿಯ ಲೆಕ್ಕ ಇಟ್ಟವರು ಅಪರೂಪ. ‘ಈ ಸಲ ಚಳಿನೇ ಇಲ್ಲೆ’ ಎಂದು ಜಗಲಿಯಲ್ಲಿ ಕೂತು ಹೇಳುತ್ತೇವೆ. ಹೋದ ವರ್ಷ ಎಷ್ಟಿತ್ತು ಎಂದು ಯಾರಾದರೂ ಕೇಳಿದರೆ ಹೇಳಲು ಅಂಕಿಯಿಲ್ಲ.

ಘಟ್ಟದ ಮೇಲಿನ ಬದುಕನ್ನು ಮಳೆಯಷ್ಟೇ ಗಟ್ಟಿಯಾಗಿ ಹಿಡಿದಿರುವುದು ಇಲ್ಲಿನ ಉಷ್ಣತೆ, ಅದರಲ್ಲೂ ರಾತ್ರಿಯ ಉಷ್ಣತೆ. ಇದು ನನಗೆ ಮನವರಿಕೆಯಾಗಿದ್ದು ಊರಿನಲ್ಲಿದ್ದಾಗ ಅಲ್ಲ. ಘಟ್ಟ ಇಳಿದು ಹೊನ್ನಾವರದಲ್ಲಿ ಮೇಷ್ಟರಾಗಿ ವರ್ಷಗಟ್ಟಲೆ ಕಳೆದ ಮೇಲೆ.

ನಮ್ಮ ಮನೆ ಇರುವುದು ಸಿದ್ದಾಪುರ ತಾಲೂಕಿನಲ್ಲಿ, ದೊಡ್ಮನೆ ಘಟ್ಟದ ದಿಕ್ಕಿಗೆ. ಮನೆ ದಿಬ್ಬದ ಮೇಲೆ, ತೋಟ ಕೆಳಗಿನ ಕಣಿವೆಯಲ್ಲಿ, ನಡುವೆ ಜಂಬಿಟ್ಟಿಗೆ ಕಲ್ಲಿನ ಮೆಟ್ಟಿಲು. ಪುಷ್ಯ ಮಾಸದ ಬೆಳಗಿನ ಜಾವ ಅಡಿಕೆ ಕೊನೆ ಕೊಯ್ಲಿಗೆ ಹೊರಟ ಅಪ್ಪನ ಹಿಂದೆ ನಾನೂ ಆ ಮೆಟ್ಟಿಲು ಇಳಿಯುತ್ತಿದ್ದೆ. ಅಂಗಳದಲ್ಲಿ ಇರದ ಚಳಿ ಅರ್ಧ ದಾರಿಯಲ್ಲಿ ಪಾದಕ್ಕೆ ತಾಗುತ್ತಿತ್ತು. ಇನ್ನು ನಾಲ್ಕು ಮೆಟ್ಟಿಲು ಇಳಿದರೆ ಮೊಣಕಾಲಿಗೆ ಬರುತ್ತಿತ್ತು. ಕಾಲುವೆ ದಾಟಿ ತೋಟದೊಳಗೆ ಕಾಲಿಡುವಾಗ ಕಿವಿ ನೋಯುತ್ತಿತ್ತು. ಹೊಳೆಗೆ ಇಳಿದಂತೆ ಚಳಿಗೆ ಇಳಿಯುವುದು ಅದು. ಕೊನೆ ಇಳಿಸುವ ಕೊನೆಗೌಡ ಕಂಬಳಿಯನ್ನು ಬುಡದಲ್ಲಿ ಬಿಟ್ಟು ಮರ ಹತ್ತುತ್ತಿದ್ದ. ‘ಮೇಲೆ ಬೆಚ್ಚಗಿದೆ, ಕೆಳಗೇ ಚಳಿ’ ಎಂದು ಕೂಗಿ ಹೇಳುತ್ತಿದ್ದ. ಅವನ ಮಾತು ಭೌತಶಾಸ್ತ್ರದ ಪಾಠವೇ ಆಗಿತ್ತೆಂದು ತಿಳಿಯಲು ನಾನು ಕಾಲೇಜಿಗೆ ಹೋಗಬೇಕಾಯಿತು. ಮೋಡವಿಲ್ಲದ ರಾತ್ರಿ ನೆಲ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿದ ಗಾಳಿ ತಣಿದು ಭಾರವಾಗಿ ಇಳಿಜಾರು ಹಿಡಿದು ಕಣಿವೆಗೆ ಸೇರುತ್ತದೆ. ಬೆಳಗಾಗುವ ಹೊತ್ತಿಗೆ ಇಡೀ ರಾತ್ರಿಯ ತಣ್ಣನೆಯ ಗಾಳಿ ಅಡಿಕೆ ತೋಟದಲ್ಲಿ ನಿಂತಿರುತ್ತದೆ.

ಆ ಚಳಿಯ ಸುತ್ತ ನಮ್ಮ ವರ್ಷದ ಅರ್ಧ ಕೆಲಸ ಕಟ್ಟಿಕೊಂಡಿತ್ತು. ಕಾರ್ತೀಕ ಮುಗಿದು ಆಕಾಶ ತೊಳೆದಂತಾದ ಮೇಲೆ ಮೂಡಣದ ಒಣಗಾಳಿ ಬೀಸತೊಡಗುತ್ತದೆ. ಸಿಪ್ಪೆ ಸಮೇತ ಒಣಗಿಸುವ ಚಾಲಿ ಅಡಿಕೆಗೆ ಹೆಚ್ಚು ಕಡಿಮೆ ನಲವತ್ತು ದಿನದ ಬಿಸಿಲು ಬೇಕು. ಅಂಗಳ ತುಂಬ ಹರಡಿದ ಹಣ್ಣಡಿಕೆಯ ಮೇಲೆ ರಾತ್ರಿ ಇಬ್ಬನಿ ಬಿದ್ದು, ಬೆಳಿಗ್ಗೆ ಆರಿ, ಮಧ್ಯಾಹ್ನ ಕಾದು, ಸಂಜೆ ಮತ್ತೆ ತಣಿದು ಸಿಪ್ಪೆಯೊಳಗೆ ಅಡಿಕೆ ಕಳಚಿಕೊಳ್ಳುತ್ತದೆ. ಒಂದು ಗೋಟಡಿಕೆ ಹೆಕ್ಕಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಸದ್ದಾದರೆ ‘ಆತು’ ಎನ್ನುತ್ತಿದ್ದರು ಅಪ್ಪ. 2019ರಲ್ಲಿ ‘ಶಿರಸಿ ಸುಪಾರಿ’ಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದು ಸಿಕ್ಕಿದ್ದು ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೇ ತಾಲೂಕುಗಳ ಅಡಿಕೆಗೆ. ಮಣ್ಣು, ತಳಿ, ರೂಢಿಯ ಜೊತೆ ಈ ಒಣ ಹಗಲು, ತಂಪು ರಾತ್ರಿಗೂ ಆ ಮಾನ್ಯತೆಯಲ್ಲಿ ಪಾಲಿದೆ ಎಂದೇ ನಾನು ನಂಬಿದ್ದೇನೆ.

ಆಲೆಮನೆಯೂ ಅದೇ ಕಾಲದ್ದು. ಕೊಪ್ಪರಿಗೆಯ ಬೆಂಕಿಗೆ ಮುಖ ಒಡ್ಡಿ, ಬೆನ್ನಿಗೆ ಕಂಬಳಿ ಹೊದ್ದು ಕೂತರೆ ಮುಂದೆ ಬೇಸಿಗೆ, ಹಿಂದೆ ಚಳಿಗಾಲ. ಉಪ್ಪಿನಕಾಯಿಯ ಅಪ್ಪೆಮಾವು ಹೂ ಬಿಡುವುದೂ ಆಗಲೇ. ಹೊಳೆದಂಡೆಯ ಮರಗಳು ತಂಪು ರಾತ್ರಿಗಳ ಬೆನ್ನಿಗೆ ಹೂ ಹೊತ್ತು ನಿಲ್ಲುತ್ತಿದ್ದವು. ಯಕ್ಷಗಾನದ ಬಯಲಾಟಕ್ಕೆ ಹೋಗುವಾಗ ಅಮ್ಮ ಮೊದಲು ಕಟ್ಟಿಡುತ್ತಿದ್ದುದು ಕಂಬಳಿ, ಆಮೇಲೆ ತಿಂಡಿ. ಎರಡನೇ ಪ್ರಸಂಗ ಶುರುವಾಗುವ ಹೊತ್ತಿಗೆ ಗದ್ದೆಯ ತುಂಬ ಕಂಬಳಿ ಹೊದ್ದ ತಲೆಗಳೇ ಕಾಣುತ್ತಿದ್ದವು.

ಹೈಸ್ಕೂಲಿಗೆ ನಾನು ಶಿರಸಿಯ ಅತ್ತೆಯ ಮನೆಯಲ್ಲಿದ್ದೆ. ಎರಡು ವರ್ಷಕ್ಕೊಮ್ಮೆ ಫಾಲ್ಗುಣದಲ್ಲಿ ನಡೆಯುವ ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ಹಗಲು ಸುಡುತ್ತದೆ. ಮಾರ್ಚ್, ಏಪ್ರಿಲಿನಲ್ಲಿ ಶಿರಸಿಯ ಮಧ್ಯಾಹ್ನ 35 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಆದರೆ ಜಾತ್ರೆಯ ಗದ್ದಿಗೆಯಿಂದ ರಾತ್ರಿ ಮನೆಗೆ ನಡೆದು ಬರುವಾಗ ಗಾಳಿ ಹಗುರಾಗಿರುತ್ತಿತ್ತು. ಮಲಗುವಾಗ ಬೇಡವಾದ ಹೊದಿಕೆ ಬೆಳಗಿನ ಜಾವ ಬೇಕಾಗುತ್ತಿತ್ತು. ಹಗಲಿನ ಬಿಸಿಲು ಎಷ್ಟೇ ಇರಲಿ, ರಾತ್ರಿ ಅದನ್ನು ತೀರಿಸಿಬಿಡುತ್ತದೆ ಎಂಬ ಭರವಸೆ ಇತ್ತು. ಅದಕ್ಕೇ ಇರಬೇಕು, ಆ ದಿನಗಳಲ್ಲಿ ಅತ್ತೆಯ ಮನೆಯಲ್ಲಾಗಲಿ ನಮ್ಮ ಹಳ್ಳಿಯಲ್ಲಾಗಲಿ ಫ್ಯಾನಿನ ಮಾತೇ ಇರಲಿಲ್ಲ. ಅಕ್ಕನನ್ನು ಕೊಟ್ಟಿದ್ದು ಯಲ್ಲಾಪುರ ತಾಲೂಕಿಗೆ, ಅರಬೈಲ್ ಘಟ್ಟದ ಅಂಚಿನ ಊರಿಗೆ. ಏಪ್ರಿಲಿನಲ್ಲಿ ಅಲ್ಲಿಗೆ ಹೋದಾಗ ನಾವು ಮಕ್ಕಳೆಲ್ಲ ಹೊರಜಗಲಿಯಲ್ಲಿ ಸಾಲಾಗಿ ಮಲಗುತ್ತಿದ್ದೆವು. ನಡುರಾತ್ರಿ ಕಾಡಿನ ಕಡೆಯಿಂದ ತಣ್ಣನೆ ಗಾಳಿ ಬಂದು ಒಬ್ಬೊಬ್ಬರೇ ಒಳಗೆ ಸರಿಯುತ್ತಿದ್ದೆವು.

ಮಳೆಗಾಲಕ್ಕೆ ಮತ್ತೊಂದೇ ಲೆಕ್ಕ. ಉತ್ತರ ಅಕ್ಷಾಂಶ ಹದಿನಾಲ್ಕೂವರೆಯ ಆಸುಪಾಸಿನ ನಮ್ಮ ನೆತ್ತಿಯ ಮೇಲೆ ಸೂರ್ಯ ವರ್ಷಕ್ಕೆ ಎರಡು ಸಲ ನೆಟ್ಟಗೆ ಬರುತ್ತಾನೆ. ಏಪ್ರಿಲ್ ಕೊನೆಯಲ್ಲೊಮ್ಮೆ, ಆಗಸ್ಟ್ ನಡುವಿನಲ್ಲೊಮ್ಮೆ. ಮೊದಲ ಸಲ ಬಂದಾಗ ನೆಲ ಕಾಯುತ್ತದೆ. ಎರಡನೆಯ ಸಲ ಬಂದಿದ್ದು ನಮಗೆ ಗೊತ್ತೇ ಆಗುವುದಿಲ್ಲ, ಏಕೆಂದರೆ ನಡುವೆ ಮೋಡದ ಚಪ್ಪರ. ಹಗಲು 25ರ ಆಸುಪಾಸು, ರಾತ್ರಿ 20ಕ್ಕಿಂತ ಹೆಚ್ಚೇನೂ ಇಳಿಯುವುದಿಲ್ಲ. ವಾರಗಟ್ಟಲೆ ಹಗಲಿಗೂ ರಾತ್ರಿಗೂ ನಾಲ್ಕೈದು ಡಿಗ್ರಿಯ ಅಂತರ ಅಷ್ಟೇ. ಬಟ್ಟೆ ಒಣಗುವುದು ಬಚ್ಚಲ ಒಲೆಯ ಮೇಲಿನ ದಬ್ಬೆಯಲ್ಲಿ. ಈ ಉಷ್ಣತೆ ನಮಗೆ ಹಿತ, ಕೊಳೆರೋಗಕ್ಕೂ ಹಿತ. ಅಡಿಕೆಯನ್ನು ಕೊಳೆಸುವ ಫೈಟಾಫ್ತೊರಾ ರೋಗಾಣು 20ರಿಂದ 23 ಡಿಗ್ರಿ ತಂಪು, ನೂರಕ್ಕೆ ತೊಂಬತ್ತು ಮೀರಿದ ತೇವ, ಬಿಡದೆ ಹಿಡಿದ ಮಳೆ ಸಿಕ್ಕರೆ ತೋಟದಿಂದ ತೋಟಕ್ಕೆ ಹಬ್ಬುತ್ತದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಕೆನಡಾದಿಂದ ಬಂದಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ವಿವರವಾದ ಅಧ್ಯಯನ ಪ್ರಕಟಿಸಿದರು. ಬೋರ್ಡೋ ದ್ರಾವಣ ಹೊಡೆಯುವ ದಾರಿ ತೋರಿಸಿದವರು ಅವರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ನಮ್ಮ ಮನೆಯ ಕಂಬಗಳ ಬುಡದಲ್ಲಿ ಆ ನೀಲಿ ಇನ್ನೂ ಇದೆ. ಔಷಧಿ ಹೊಡೆಯುವ ದಿನ ಗೊತ್ತು ಮಾಡುವಾಗ ಅಪ್ಪ ಮೋಡ ನೋಡುತ್ತಿದ್ದರು, ಮಳೆ ನಕ್ಷತ್ರ ನೋಡುತ್ತಿದ್ದರು. ಉಷ್ಣತೆ ನೋಡಲು ಮನೆಯಲ್ಲಿ ಸಾಧನವಿರಲಿಲ್ಲ.

ಓದು ಮುಗಿಸಿ ಕೆಲಸ ಸಿಕ್ಕಿದ್ದು ಹೊನ್ನಾವರದಲ್ಲಿ. ಸಿದ್ದಾಪುರದಿಂದ ಮಾವಿನಗುಂಡಿ, ಅಲ್ಲಿಂದ ಮಲೆಮನೆ ಘಟ್ಟ ಇಳಿದು ಗೇರುಸೊಪ್ಪ, ಆಮೇಲೆ ಶರಾವತಿಯ ಎಡಬಲದ ತೆಂಗಿನ ತೋಟಗಳ ದಾರಿ. ಗಾಳಿಯಲ್ಲಿ ಒಂದು ಕಿಲೋಮೀಟರ್ ಏರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಎಂಬುದು ಹವಾಮಾನದ ಮೊದಲ ಪಾಠ. ನಮ್ಮ ಸೀಮೆ ಸಮುದ್ರಮಟ್ಟದಿಂದ ಆರುನೂರು ಮೀಟರಿನ ಆಸುಪಾಸು. ಹಾಗಾದರೆ ಬರೀ ಎತ್ತರದಿಂದ ಬರುವ ವ್ಯತ್ಯಾಸ ನಾಲ್ಕು ಡಿಗ್ರಿ. ಬಸ್ಸು ಘಟ್ಟ ಇಳಿಯುತ್ತಿದ್ದಂತೆ ಆ ನಾಲ್ಕು ಡಿಗ್ರಿ ಕಿಟಕಿಯಿಂದ ಒಂದೊಂದಾಗಿ ಒಳಗೆ ಬರುವುದು ಮೈಗೇ ತಿಳಿಯುತ್ತಿತ್ತು. ಗೇರುಸೊಪ್ಪ ಬರುವ ಹೊತ್ತಿಗೆ ಸ್ವೆಟರು ಮಡಿಲಿಗೆ ಬಂದಿರುತ್ತಿತ್ತು.

ಹೊನ್ನಾವರದ ಮೊದಲ ಡಿಸೆಂಬರಿನಲ್ಲಿ ನಾನು ಚಳಿಗಾಗಿ ಕಾದೆ. ಬೆಳಗಿನ ಜಾವ ಒಂದಿಷ್ಟು ತಂಪು ಬಂತು, ಚಾದರ ಎಳೆದುಕೊಳ್ಳುವಷ್ಟು. ಬಿಸಿಲೇರುತ್ತಿದ್ದಂತೆ ಹೋಯಿತು. ನಾನಿದ್ದ ಮನೆಯ ಯಜಮಾನರು ‘ಇದೇ ನಮ್ಮ ಚಳಿಗಾಲ ಮೇಷ್ಟ್ರೇ’ ಎಂದರು. ಅವರ ಮಾತಿನಲ್ಲಿ ಕೊರತೆಯ ಧ್ವನಿ ಇರಲಿಲ್ಲ. ಮಾರ್ಚ್ ಬಂತು, ಮೇ ಬಂತು. ರಾತ್ರಿಯ ಸೆಖೆ ಎಂದರೇನೆಂದು ನಾನು ಕಲಿತಿದ್ದು ಆಗ. ಮಧ್ಯಾಹ್ನದ ಕಾವು ಶಿರಸಿಗಿಂತ ಹೆಚ್ಚೇನೂ ಇರಲಿಲ್ಲ, ಕೆಲವು ದಿನ ಕಡಿಮೆಯೇ ಇತ್ತು. ಆದರೆ ಸೂರ್ಯ ಮುಳುಗಿದ ಮೇಲೂ ಅದು ಹೋಗುತ್ತಿರಲಿಲ್ಲ. ಹನ್ನೊಂದು ಗಂಟೆಗೆ ದಿಂಬು ತಿರುಗಿಸಿದರೆ ಇನ್ನೊಂದು ಮಗ್ಗುಲೂ ಬೆವರಿನಿಂದ ಒದ್ದೆ.

ಹೊನ್ನಾವರದಲ್ಲಿ ಭಾರತೀಯ ಹವಾಮಾನ ಇಲಾಖೆಯ ವೀಕ್ಷಣಾಲಯವಿದೆ. ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋದೆ. ಬಯಲಿನ ನಡುವೆ ನಾಲ್ಕು ಕಾಲಿನ ಮೇಲೆ ನಿಂತ ಬಿಳಿ ಮರದ ಪೆಟ್ಟಿಗೆ, ಸ್ಟೀವನ್‌ಸನ್ ಪೆಟ್ಟಿಗೆ ಎನ್ನುತ್ತಾರೆ. ಗೋಡೆಗಳೆಲ್ಲ ಓರೆ ಪಟ್ಟಿಗಳು. ಗಾಳಿ ಆಡುತ್ತದೆ, ಬಿಸಿಲು ಒಳಗೆ ಬೀಳುವುದಿಲ್ಲ. ಬಾಗಿಲು ಉತ್ತರಕ್ಕೆ. ಒಳಗೆ ನಾಲ್ಕು ಉಷ್ಣಮಾಪಕಗಳು. ಎರಡು ಅಡ್ಡ ಮಲಗಿದ್ದವು: ಒಂದು ದಿನದ ಗರಿಷ್ಠ ಹೇಳುವುದು, ಇನ್ನೊಂದು ಕನಿಷ್ಠ. ಎರಡು ನೆಟ್ಟಗೆ ನಿಂತಿದ್ದವು. ಅವುಗಳಲ್ಲಿ ಒಂದರ ಬುರುಡೆಗೆ ತೆಳು ಬಿಳಿ ಬಟ್ಟೆ ಸುತ್ತಿ, ಬತ್ತಿಯ ತುದಿಯನ್ನು ನೀರಿನ ಪುಟ್ಟ ಶೀಶೆಯಲ್ಲಿ ಇಳಿಬಿಟ್ಟಿದ್ದರು. ಬೆಳಿಗ್ಗೆ ಎಂಟೂವರೆಗೆ, ಸಂಜೆ ಐದೂವರೆಗೆ ಓದುವುದು ಕ್ರಮ. ದೇಶದ ಇಂಥ ಎಲ್ಲ ಪೆಟ್ಟಿಗೆಗಳ ಬಾಗಿಲು ಅದೇ ಹೊತ್ತಿಗೆ ತೆರೆಯುತ್ತದೆ ಎಂದು ಕೇಳಿ ಮಕ್ಕಳು ಬೆರಗಾದರು.

ನನ್ನ ಕಣ್ಣು ನಿಂತಿದ್ದು ಆ ಒದ್ದೆ ಬಟ್ಟೆಯ ಉಷ್ಣಮಾಪಕದ ಮೇಲೆ. ಮೇ ತಿಂಗಳ ಸಂಜೆ ಒಣ ಬುರುಡೆಗೂ ಒದ್ದೆ ಬುರುಡೆಗೂ ಮೂರು ನಾಲ್ಕು ಡಿಗ್ರಿ ವ್ಯತ್ಯಾಸ. ಬೆವರು ಆರಿ ಮೈ ತಣಿಯಲು ಸಿಗುವ ಅವಕಾಶ ಅಷ್ಟೇ ಎಂದು ಅದರ ಅರ್ಥ. ಗಾಳಿ ಆಗಲೇ ನೀರು ಕುಡಿದು ತುಂಬಿದೆ, ನಮ್ಮ ಬೆವರಿಗೆ ಜಾಗವಿಲ್ಲ. ಇದೇ ಜೋಡಿಯನ್ನು ಜನವರಿಯ ಮಧ್ಯಾಹ್ನ ಶಿರಸಿಯಲ್ಲಿ ಇಟ್ಟರೆ ಹತ್ತು ಡಿಗ್ರಿ ಅಂತರ ಸಿಗುತ್ತದೆ. ಒಂದೇ 32 ಡಿಗ್ರಿ ಘಟ್ಟದ ಮೇಲೊಂದು ಬಗೆ, ಕೆಳಗೊಂದು ಬಗೆ ಆಗುವುದಕ್ಕೆ ಕಾರಣ ಅಲ್ಲಿ ಕಣ್ಣೆದುರೇ ಇತ್ತು.

ಸಮುದ್ರದ ಊರಿನ ವರ್ಷ ಒಂದೇ ಮಟ್ಟದ್ದು. ಹೊನ್ನಾವರದ ಅತಿ ಬಿಸಿ ತಿಂಗಳಿಗೂ ಅತಿ ತಂಪು ತಿಂಗಳಿಗೂ ಸರಾಸರಿಯಲ್ಲಿ ನಾಲ್ಕು ಡಿಗ್ರಿಯ ಆಸುಪಾಸು ಅಂತರ. ದಿಲ್ಲಿಯಲ್ಲಿ ಅದು ಇಪ್ಪತ್ತರ ಹತ್ತಿರ. ನೀರು ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ತಣಿಯುತ್ತದೆ. ಹಗಲು ಹೊತ್ತೇರಿದ ಮೇಲೆ ಕಡಲಗಾಳಿ ಬಂದು ಕಾವಿಗೆ ಕಡಿವಾಣ ಹಾಕುತ್ತದೆ, ರಾತ್ರಿ ಅದೇ ಸಮುದ್ರ ಊರನ್ನು ತಣಿಯಗೊಡುವುದಿಲ್ಲ. ಶರಾವತಿಯ ನಡುವಿನ ಮಾವಿನಕುರ್ವೆಗೆ ದೋಣಿಯಲ್ಲಿ ಹೋಗಿ ಶಿಷ್ಯನೊಬ್ಬನ ಮನೆಯಲ್ಲಿ ಉಳಿದಾಗ ಈ ಸಮತೆ ಇನ್ನಷ್ಟು ಸ್ಪಷ್ಟವಾಗಿತ್ತು. ಸುತ್ತ ನೀರು, ಮೇಲೆ ತೆಂಗು. ಅಲ್ಲಿನವರು ಹೊತ್ತು ಮೂಡುವ ಮೊದಲೇ ದುಡಿದು, ಮಧ್ಯಾಹ್ನ ವಿಶ್ರಮಿಸಿ, ಸಂಜೆ ಗಾಳಿಗೆ ಹೊರಗೆ ಕೂರುತ್ತಿದ್ದರು. ಆ ಉಷ್ಣತೆಯ ಜೊತೆ ಬಾಳುವ ಕಲೆ ಅವರಿಗೆ ತಲೆಮಾರುಗಳಿಂದ ಬಂದಿತ್ತು.

ನಮ್ಮ ಸಂಬಂಧಿಯೊಬ್ಬರು ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿ ಸರ್ಕಾರಿ ಕೆಲಸದಲ್ಲಿದ್ದರು. 2024ರಲ್ಲಿ ಆ ಊರಿನ ಹೆಸರು ಶ್ರೀವಿಜಯಪುರಂ ಆಯಿತು. ರಜೆಗೆ ಬಂದಾಗ ಅವರು ಹೇಳುತ್ತಿದ್ದುದು ಇದನ್ನೇ: ಹಗಲು 30ರ ಆಚೀಚೆ, ರಾತ್ರಿ 23, 24ರ ಆಚೀಚೆ, ಜನವರಿಯಾಗಲಿ ಜುಲೈಯಾಗಲಿ. ಅಲ್ಲಿ ಕಾಲ ಬದಲಾಗಿದ್ದು ತಿಳಿಯುವುದು ಮಳೆಯಿಂದ, ಗಾಳಿಯ ದಿಕ್ಕಿನಿಂದ. ಅವರು ಡಿಸೆಂಬರಿನಲ್ಲಿ ಸಿದ್ದಾಪುರಕ್ಕೆ ಬಂದರೆ ಮೊದಲ ರಾತ್ರಿಯೇ ನೆಗಡಿ. ಆದರೂ ಬೆಳಿಗ್ಗೆ ಎದ್ದು ಅಂಗಳದ ಬೆಂಕಿಯ ಮುಂದೆ ಕೂತು, ಕಷಾಯದ ಲೋಟ ಎರಡೂ ಕೈಯಲ್ಲಿ ಹಿಡಿದು, ‘ಇದಕ್ಕಾಗಿಯೇ ಬರೋದು’ ಎನ್ನುತ್ತಿದ್ದರು. ನಮ್ಮಲ್ಲಿ ಇರುವುದು ಎಂಥ ಸಂಪತ್ತು ಎಂದು ಮೊದಲು ಹೇಳಿದವರು ಅವರೇ.

ಹಾಗೆಂದು ಕರಾವಳಿ ಎಂದೂ ಮಿತಿ ಮೀರದು ಎಂದಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಮೂಡಣದ ಒಣಗಾಳಿ ಜೋರಾಗಿ ಕಡಲಗಾಳಿಯನ್ನು ತಡೆದ ದಿನ ಹೊನ್ನಾವರ, ಕಾರವಾರ ಬಯಲುಸೀಮೆಯನ್ನೂ ಮೀರಿಸಿ ಕಾಯುತ್ತವೆ. ಬಯಲಿಗೆ 40 ಡಿಗ್ರಿ ದಾಟಿದರೆ ಬಿಸಿಗಾಳಿಯ ವಿಚಾರ ಬರುತ್ತದೆ, ಕರಾವಳಿಗೆ 37ಕ್ಕೇ ಬರುತ್ತದೆ. ಹವಾಮಾನ ಇಲಾಖೆ ಹೀಗೆ ಬೇರೆ ಬೇರೆ ಗೆರೆ ಎಳೆದಿದೆ.

ನಿವೃತ್ತನಾಗಿ ಊರಿಗೆ ಮರಳುವಾಗ ನಾನು ಒಂದು ಉಷ್ಣಮಾಪಕ ತಂದೆ. 18ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಜೇಮ್ಸ್ ಸಿಕ್ಸ್ ಕಂಡುಹಿಡಿದ ಮಾದರಿಯದು, ಇಂಗ್ಲಿಷಿನ ಯು ಅಕ್ಷರದ ಹಾಗೆ ಬಾಗಿದ ಕೊಳವೆ, ನಡುವೆ ಪಾದರಸ. ಪಾದರಸ ಎರಡು ಕಡೆಯೂ ಒಂದೊಂದು ಪುಟ್ಟ ಉಕ್ಕಿನ ಕಡ್ಡಿಯನ್ನು ತಳ್ಳುತ್ತದೆ, ಹಿಂದೆ ಸರಿದಾಗ ಕಡ್ಡಿ ತಳ್ಳಿದಲ್ಲೇ ನಿಲ್ಲುತ್ತದೆ. ಎಡಗಡೆ ನಿಂತ ಕಡ್ಡಿಯ ಕೆಳತುದಿ ರಾತ್ರಿಯ ಕನಿಷ್ಠ, ಬಲಗಡೆಯದು ಹಗಲಿನ ಗರಿಷ್ಠ. ಓದಿಕೊಂಡ ಮೇಲೆ ಚಿಕ್ಕ ಅಯಸ್ಕಾಂತದಿಂದ ಕಡ್ಡಿಗಳನ್ನು ಮತ್ತೆ ಪಾದರಸಕ್ಕೆ ತಾಗಿಸಬೇಕು. ಉತ್ತರದ ಜಗಲಿಯ ಕಂಬಕ್ಕೆ ಅದನ್ನು ಕಟ್ಟಿದ್ದೇನೆ. ಬೆಳಿಗ್ಗೆ ಓದುವುದು, ಬರೆಯುವುದು, ಕಡ್ಡಿ ಇಳಿಸುವುದು, ಇದಕ್ಕೆ ಒಂದು ನಿಮಿಷ ಸಾಕು.

ಹಾಗೆ ಬರೆಯತೊಡಗಿದ ಮೇಲೆ ಒಂದು ವಿಷಯ ಗಮನಕ್ಕೆ ಬಂತು. ಚಳಿ ಹೋಗಿಲ್ಲ. ಹದಿಮೂರು, ಹದಿನಾಲ್ಕು ಡಿಗ್ರಿಯ ಬೆಳಗುಗಳು ಈಗಲೂ ಬರುತ್ತವೆ. ಆದರೆ ಅವು ಒಟ್ಟೊಟ್ಟಿಗೆ ಬರುವುದಿಲ್ಲ. ನಡುನಡುವೆ ಮೋಡ ಕವಿದು ಬೆಚ್ಚಗಿನ ರಾತ್ರಿಗಳು ಸೇರಿಕೊಳ್ಳುತ್ತವೆ. ಅಂಥ ಜನವರಿಯಲ್ಲಿ ಅಪ್ಪೆಮಾವಿನ ಹೂವು ಕರಕಾಗುತ್ತದೆ, ಅಂಗಳದ ಅಡಿಕೆಗೆ ಬೂಸಲು ಬರುತ್ತದೆ. ಏಪ್ರಿಲಿನಲ್ಲಿ ಬೆಳಗಿನ ಜಾವದ ಹೊದಿಕೆಯೂ ಹಲವು ದಿನ ಬೇಡವಾಗಿದೆ. ಶಿರಸಿ ಪೇಟೆಯಲ್ಲಿ ಏಸಿ ಮಾರುವುದನ್ನು ನೋಡಿದಾಗ ನನಗೆ ನೆನಪಾಗುವುದು ಅತ್ತೆಯ ಫ್ಯಾನಿಲ್ಲದ ಮನೆ. ತಗ್ಗು ಸೂರು, ದಪ್ಪ ಮಣ್ಣಿನ ಗೋಡೆ, ಚಿಕ್ಕ ಕಿಟಕಿಯ ನಮ್ಮ ಮನೆಗಳನ್ನು ಕಟ್ಟಿದ್ದು ರಾತ್ರಿ ತಣಿಯುತ್ತದೆ ಎಂಬ ನಂಬಿಕೆಯ ಮೇಲೆ. ಕರಾವಳಿಯವರು ಬೆಚ್ಚನೆ ರಾತ್ರಿಗೆ ಒಗ್ಗಿದವರು. ನಮ್ಮ ಮನೆ, ಬೆಳೆ, ಮೈ ಮೂರೂ ಅದಕ್ಕೆ ಸಿದ್ಧವಾಗಿಲ್ಲ.

ನನ್ನೊಬ್ಬನ ಕಂಬದ ಅಂಕಿಗಳಿಂದ ದೊಡ್ಡ ತೀರ್ಮಾನ ಹೇಳಲಾಗದು. ದೇಶದ ಅಂಕಿಗಳು ಮಾತ್ರ ಅದೇ ದಿಕ್ಕಿಗಿವೆ. 1901ರಿಂದ ಲೆಕ್ಕ ಇಟ್ಟ ಹವಾಮಾನ ಇಲಾಖೆಯ ದಾಖಲೆಯಲ್ಲಿ 2024 ಭಾರತದ ಅತಿ ಬಿಸಿಯ ವರ್ಷ. ಆ ವರ್ಷದ ಸರಾಸರಿ ಉಷ್ಣತೆ 1991–2020ರ ಸರಾಸರಿಗಿಂತ 0.65 ಡಿಗ್ರಿ ಹೆಚ್ಚು. ಅದರಲ್ಲೂ ಹಗಲಿನ ಗರಿಷ್ಠಕ್ಕಿಂತ ರಾತ್ರಿಯ ಕನಿಷ್ಠ ಹೆಚ್ಚು ಏರಿತ್ತು. ಕನಿಷ್ಠದ ಏರಿಕೆ 0.90 ಡಿಗ್ರಿ. ಹಗಲಿನ ಬಿಸಿಲು ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ರಾತ್ರಿಯ ಏರಿಕೆ ಯಾರ ಕಣ್ಣಿಗೂ ಬೀಳದೆ ತೋಟದೊಳಗೆ ಕೆಲಸ ಮಾಡುತ್ತದೆ.

ಸರ್ಕಾರದ ಯಂತ್ರಗಳು ಇಲ್ಲವೆಂದಲ್ಲ. ಗ್ರಾಮ ಪಂಚಾಯತಿ ಮಟ್ಟದಲ್ಲಿ ಮಳೆಮಾಪಕ, ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರ ಬಂದಿವೆ. ಅವು ಒಳ್ಳೆಯ ಕೆಲಸ ಮಾಡುತ್ತಿವೆ. ಆದರೆ ಹೋಬಳಿಯ ದಿಬ್ಬದ ಮೇಲೆ ನಿಂತ ಯಂತ್ರಕ್ಕೆ ನಿಮ್ಮ ಕಣಿವೆಯ ಚಳಿ ಗೊತ್ತಾಗುವುದಿಲ್ಲ. ಮೆಟ್ಟಿಲು ಇಳಿಯುವಷ್ಟರಲ್ಲೇ ಬದಲಾಗುವ ಸೀಮೆ ನಮ್ಮದು. ಕೊಳೆರೋಗ ಯಾವ ರಾತ್ರಿಯಿಂದ ಹಿಡಿಯಿತು, ಎಲೆಚುಕ್ಕೆ ರೋಗ ಹಬ್ಬಿದ ತಿಂಗಳ ರಾತ್ರಿಗಳು ಹೇಗಿದ್ದವು, ಅಪ್ಪೆಮಿಡಿ ಕೈಕೊಟ್ಟ ವರ್ಷ ಜನವರಿ ಎಷ್ಟು ತಣಿದಿತ್ತು ಎಂಬ ಪ್ರಶ್ನೆಗಳನ್ನು ನಾಳೆ ನಮ್ಮ ಮಕ್ಕಳು, ವಿಜ್ಞಾನಿಗಳು ಕೇಳಿಯೇ ಕೇಳುತ್ತಾರೆ. ಉತ್ತರ ಇರಬೇಕಾದದ್ದು ನಮ್ಮ ಮನೆಗಳಲ್ಲಿ.

ಆದ್ದರಿಂದ ಮೂರೂ ತಾಲೂಕಿನ ಬೆಳೆಗಾರ ಬಂಧುಗಳಲ್ಲಿ, ಶಾಲೆಯ ಮೇಷ್ಟರುಗಳಲ್ಲಿ ನನ್ನದೊಂದು ಕೋರಿಕೆ. ಗರಿಷ್ಠ, ಕನಿಷ್ಠ ಎರಡನ್ನೂ ತೋರಿಸುವ ಒಂದು ಉಷ್ಣಮಾಪಕ ಕೊಳ್ಳಿ. ಬಿಸಿಲು, ಮಳೆ ತಾಗದ ಉತ್ತರದ ಬದಿಯಲ್ಲಿ, ನೆಲದಿಂದ ನಾಲ್ಕು ಅಡಿ ಎತ್ತರಕ್ಕೆ ಕಟ್ಟಿ. ಬಚ್ಚಲ ಒಲೆಯಿಂದ, ತಗಡಿನ ಮಾಡಿನಿಂದ ದೂರವಿರಲಿ. ಸಾಧ್ಯವಾದರೆ ತೋಟದಲ್ಲೂ ಒಂದು ಕಟ್ಟಿ, ಅದಕ್ಕೆ ಸಣ್ಣದೊಂದು ಸೂರು ಮಾಡಿ. ದಿನಾ ಒಂದೇ ಹೊತ್ತಿಗೆ ಓದಿ, ತಾರೀಖು ಹಾಕಿ ಬರೆಯಿರಿ. ಜಾಗ ಬದಲಿಸಬೇಡಿ, ದಿನ ತಪ್ಪಿದರೆ ಅಂದಾಜಿನಿಂದ ತುಂಬಬೇಡಿ, ಖಾಲಿ ಬಿಡಿ. ಹತ್ತು ವರ್ಷ ಬಿಡದೆ ಬರೆದರೆ ಯಾವ ಕಚೇರಿಯಲ್ಲೂ ಸಿಗದ ದಾಖಲೆ ನಿಮ್ಮ ಮನೆಯಲ್ಲಿರುತ್ತದೆ. ಬರುವ ಕಾರ್ತೀಕದಿಂದಲೇ ಶುರು ಮಾಡಿ.